ವತನ ಯಾರದು, ಅವ್ವ?

ಶಹಾಪುರ, ಇಚಲಕರಂಜಿ
೫ ನವೆಂಬರ್ ೨೦೨೪

ಅವ್ವ,

ಗಡಹಿಂಗ್ಲಜದ ತವರಿನಿಂದ ನಿನ್ನೆ ಬಂದು ಮುಟ್ಟಿದೆ. ಫೋನ್ ಮಾಡಲಿಲ್ಲ, ನಿನ್ನ ಫೋನು ಯಾವಾಗಲೂ ವಿಶಾಲಣ್ಣನ ಕಿಸೆಯಲ್ಲೇ ಇರುತ್ತದೆ. ಈ ಪತ್ರ ನೀನೊಬ್ಬಳೇ ಓದು.

ಸಿಟ್ಟು ಇನ್ನೂ ಇಳಿದಿಲ್ಲ. ಭಾವುಬೀಜಕ್ಕೆ ಕರೆದು, ತಂಗಿಯ ಕೈಯಿಂದ ಆರತಿ ಮಾಡಿಸಿಕೊಂಡು, ತಟ್ಟೆಯಲ್ಲಿ ಇಳಕಲ್ ಸೀರೆ ಇಟ್ಟು, ಅದರ ಕೆಳಗೆ ಹಕ್ಕುಸೋಡ ಪತ್ರ ಇಡುವುದು ಯಾವ ಪದ್ಧತಿ? ಸೀರೆ ತಗೊಂಡು, ಅಪ್ಪನ ಹೊಲದ ಹಕ್ಕು ಬಿಟ್ಟೆ ಎಂದು ನಾನು ಸಹಿ ಹಾಕಬೇಕಂತೆ!

ಯಾಕೆ ಎಂದು ಕೇಳಿದ್ದಕ್ಕೆ ಅಣ್ಣ, “ನಮ್ಮದು ಪಾಟೀಲಕಿ ವತನದ ಹೊಲ. ಹೆಣ್ಮಕ್ಕಳಿಗೆ ಬರೂದಿಲ್ಲ” ಅಂದ. ತಾತ್ಯಾಸಾಹೇಬ ಕಾಕಾ ಕೂಡಲೇ ಪಂಡಿತರಾದರು. “ವಂಶ ಅನ್ನೂದರಿಂದನ ವತನ ಅಂತ ಬಂದೈತಿ. ವಂಶ ನಡಸಾಂವ ಗಂಡಮಗ. ತಿಳೀತಿಲ್ಲೋ?” ಎಂದರು. ಎಲ್ಲರೂ ತಲೆಯಾಡಿಸಿದರು.

ನನಗೆ ಮೈಯೆಲ್ಲ ಉರಿಯಿತು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವಳು ನಾನು. ವತನ ಅರಬ್ಬಿ ಮಾತು, ಮನುಷ್ಯ ನೆಲೆಸಿದ ಊರು, ತನ್ನ ನಾಡು ಎಂದು ಅದರ ಮೂಲ ಅರ್ಥ. ಬಾದಶಹರ ಕಾಲದಲ್ಲಿ ಅದು ಪಾಟೀಲ, ಕುಲಕರ್ಣಿಯರ ಹುದ್ದೆಗೂ ಅದಕ್ಕೆ ಕೊಟ್ಟ ಹೊಲಕ್ಕೂ ಹೆಸರಾಯಿತು. ಸರಕಾರ ಪಾಟೀಲಕಿ ವತನ ರದ್ದು ಮಾಡಿಯೇ ಅರವತ್ತು ವರ್ಷವಾಗಿದೆ. ಇಷ್ಟನ್ನೇ ಹೇಳಿದೆ. ಅಣ್ಣ ಎದ್ದು ನಿಂತು, “ಹಬ್ಬದಾಗ ನಿನ್ನ ಸಾಲೀ ಪಾಠ ತಗೀಬ್ಯಾಡ! ಕೊಟ್ಟ ಮನೀನ ನಿನ್ನ ಮನಿ” ಅಂದ.

ಕಾಕಾನ ಪಾಂಡಿತ್ಯಕ್ಕೆ ನಕ್ಕು ಬಿಡಬಹುದು. ನಿನಗೆ ಏನನ್ನಲಿ? ಆ ಹೊಲದಲ್ಲಿ ಸೇಂಗಾ ಕಿತ್ತವರು ನಾನು, ನೀನು. ಅಣ್ಣ ಆಗ ಕೊಲ್ಹಾಪುರದ ತಾಲೀಮಿನಲ್ಲಿ ಕುಸ್ತಿ ಕಲಿಯುತ್ತಿದ್ದ. ನಿನಗಿದೆಲ್ಲ ಗೊತ್ತಿದ್ದೂ ನೆಲ ನೋಡುತ್ತ, “ಸಹಿ ಮಾಡಿ ಬಿಡವ್ವ, ತವರಮನಿ ಬಾಗಿಲಾ ತೆರದಿರ್ತೈತಿ” ಅಂದೆ. ಹಕ್ಕು ಬಿಟ್ಟವಳಿಗೆ ಮಾತ್ರ ತೆರೆಯುವುದು ಎಂಥ ಬಾಗಿಲು, ಅವ್ವ?

ನಾನು ಸಹಿ ಮಾಡುವುದಿಲ್ಲ. ಸೀರೆ ನಿಮ್ಮ ದೇವರ ಕೋಣೆಯಲ್ಲೇ ಇದೆ, ಅಣ್ಣ ಅದನ್ನು ವಹಿನಿಗೇ ಉಡಿಸಲಿ. ನೀನು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ತಪ್ಪಿಸಬೇಡ.

ಸಿಟ್ಟಿನಲ್ಲೂ ನಿನ್ನವಳೇ,
ಪ್ರಾಜಕ್ತಾ

ತಾ.ಕ.: ಅಳಿಯ ಯಾಕೆ ಬರಲಿಲ್ಲ ಎಂದು ನೀನು ಕೇಳಿದಾಗ ಕೆಲಸವಿದೆ ಎಂದೆ. ಸುಳ್ಳು. ಗಣಪತಿ ಹಬ್ಬದಿಂದ ನಾನು ಆ ಕೊಟ್ಟ ಮನೆಯಲ್ಲಿಲ್ಲ. ಜೊತೆಯ ಶಿಕ್ಷಕಿ ರೂಪಾಲಿಯ ಬಾಡಿಗೆ ಖೋಲಿಯಲ್ಲಿದ್ದೇನೆ. ಗಡಹಿಂಗ್ಲಜದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿದೆ, ಭಾನುವಾರ ಸಾಮಾನು ಸಮೇತ ತವರಮನೆಗೇ ಬರುತ್ತೇನೆ. ಅಣ್ಣ ಅಡ್ಡ ನಿಂತರೆ, ಈ ಸಲ ನೀನು ಮಾತಾಡಬೇಕು.