ಸಕ್ಕರೆ ಗಿಳಿ

ಮಂಗಳವಾರ, ಜನವರಿ 14. ಸಂಕ್ರಾಂತಿ. ಮಳವಳ್ಳಿ.

ಎರಡು ಸಲ ಹಲ್ಲುಜ್ಜಿದರೂ ಬಾಯಿಯ ಸಿಹಿ ಹೋಗುತ್ತಿಲ್ಲ.

ಅತ್ತೆಗೆ ಸಕ್ಕರೆ ಕಾಯಿಲೆ, ಈ ವರ್ಷ ಎಳ್ಳಿಗೆ ಬೆಲ್ಲ ಬೆರೆಸುವುದೇ ಬೇಡ ಎಂದು ಹಟ ಹಿಡಿದವಳು ನಾನೇ. ಬೆಲ್ಲದ ಬದಲು ನಾಲ್ಕೇ ನಾಲ್ಕು ಒಣದ್ರಾಕ್ಷಿ. ಎಳ್ಳು ಬೀರಲು ಹೋದ ಮನೆಗಳಲ್ಲೆಲ್ಲ ಅದರ ಬಗ್ಗೆ ಭಾಷಣ ಬೇರೆ. ಅತ್ತೆ ಒಂದು ಹಿಡಿ ತಿಂದು, "ಚೆನ್ನಾಗದೆ ಕಣವ್ವ" ಅಂದರು. ಚೆನ್ನಾಗಿರಲಿಲ್ಲ, ನನಗೂ ಗೊತ್ತು.

ಬೇರೆ ಮನೆಗಳಿಂದ ಬಂದ ಎಳ್ಳುಬೆಲ್ಲ, ಸಕ್ಕರೆ ಅಚ್ಚುಗಳನ್ನೆಲ್ಲ ಅತ್ತೆಯ ಕೈಗೆ ಸಿಗದಂತೆ ಉಗ್ರಾಣದಲ್ಲಿ ರಾಗಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದೆ. ಸಂಜೆ ಅಲ್ಲೇ ನಿಂತು ಒಂದು ಅಚ್ಚು ಬಾಯಿಗೆ ಹಾಕಿಕೊಂಡೆ. ಆಮೇಲೆ ಇನ್ನೊಂದು. ಮೂರನೆಯದು ಗಿಳಿ. ಅದರ ತಲೆ ಕಚ್ಚಿ ತಿರುಗಿದರೆ ಬಾಗಿಲಲ್ಲಿ ಅತ್ತೆ.

ಬೈದಿದ್ದರೆ ಎಷ್ಟೋ ವಾಸಿಯಿತ್ತು. "ನಿಂತ್ಕಂಡ್ ಯಾಕವ್ವ ತಿಂತೀಯ, ಕೂತ್ಕ. ಯಾರೂ ಬರ್ದಂಗೆ ನಾನ್ ನೋಡ್ಕತೀನಿ" ಎಂದು ಬಾಗಿಲು ಮುಂದೆ ಮಾಡಿಕೊಂಡು ಹೋದರು.

ಅಷ್ಟರಲ್ಲಿ ಪಕ್ಕದ ಮನೆಯ ಪುಟ್ಟಗೌರಮ್ಮ ಎಳ್ಳಿನ ತಟ್ಟೆ ಹಿಡಿದು ಬಂದು, ಸೊಸೆ ಎಲ್ಲಿ ಎಂದು ಕೇಳಿದರು. ಅತ್ತೆ ಹೇಳಿದ್ದು ಒಳಗೆ ನನಗೆ ಸ್ಪಷ್ಟವಾಗಿ ಕೇಳಿಸಿತು. "ಒಳ್ಗೆ ಕೆಲ್ಸದಲ್ಲವ್ಳೆ. ನನ್ಗೋಸ್ಕರ ಅವ್ಳೂ ಸಿಹಿ ಬುಟ್ಬುಟ್ಟವ್ಳೆ ಕಣಮ್ಮ, ಒಂದ್ ಚೂರೂ ಮುಟ್ಟಾಕಿಲ್ಲ."

ಗಿಳಿ ಬಾಯಲ್ಲಿ ಕರಗುತ್ತಲೇ ಇತ್ತು.

ಅವರು ಹೋದ ಮೇಲೆ ಅತ್ತೆ ಆ ತಟ್ಟೆಯನ್ನೂ ಒಳಗೆ ತಂದು, ಒಂದು ಕಾಳೂ ಮುಟ್ಟದೆ ನನ್ನ ಕೈಗೇ ಕೊಟ್ಟರು.

"ಇದ್ನೂ ಬಚ್ಚಿಡವ್ವ."