ಟೈಮ್ ಕೇಳಿದವರ ಫೋನ್ ಕಟ್ ಮಾಡಿಸಿದ ನಿರ್ದೇಶಕರಿಗೆ

ಮಾನ್ಯ ನಿರ್ದೇಶಕರೇ,

ನಿಮ್ಮ ಸಹಾಯವಾಣಿಗೆಂದು ನಾನು ಬರೆದುಕೊಟ್ಟ ಪೋಸ್ಟರನ್ನು ಹೋದ ತಿಂಗಳು ಎಲ್ಲ ಬಸ್ ಸ್ಟಾಪುಗಳಿಂದ ಕಿತ್ತುಹಾಕಿಸಿದಿರಿ. ಅದರಲ್ಲಿ ತರ್ಕವಿಲ್ಲ ಎಂಬುದು ನೀವು ಕೊಟ್ಟ ಕಾರಣ. ತರ್ಕವಿಲ್ಲ, ಒಪ್ಪಿದೆ. ಕಿತ್ತದ್ದನ್ನು ಮಾತ್ರ ಒಪ್ಪಲಾರೆ.

ಒಂಟಿಯಾಗಿರುವವರು ಮಾತಾಡಲಿ ಎಂದು ತೆರೆದ ಆ ನಂಬರಿಗೆ ಮೊದಲು ನಿಮ್ಮ ಸಮಿತಿಯೇ ಪೋಸ್ಟರ್ ಮಾಡಿಸಿತ್ತು. ಒಂಟಿತನದ ಎಂಟು ಹಾನಿ, ಕರೆ ಮಾಡಿದರೆ ಎಂಟು ಲಾಭ, ಕೆಳಗೆ ನಗುತ್ತಿರುವ ಐದು ಜನರ ಕುಟುಂಬ. ಯಾರೂ ಇಲ್ಲದವನಿಗೆ ಐದು ಜನರ ಕುಟುಂಬ ತೋರಿಸುವುದು ಯಾವ ತರ್ಕವೋ ಕಾಣೆ. ವಾರಕ್ಕೆ ಮೂರು ಕರೆ ಬರುತ್ತಿದ್ದವು, ಅದರಲ್ಲಿ ಎರಡು ರಾಂಗ್ ನಂಬರ್. ಆಗ, ಮೂವತ್ತು ವರ್ಷ ಸೋಪಿಗೂ ಬಿಸ್ಕತ್ತಿಗೂ ಜಾಹೀರಾತು ಬರೆದು ನಿವೃತ್ತಳಾದ ನನ್ನನ್ನು ಕರೆಸಿದಿರಿ. ನಾನು ಬರೆದದ್ದು ಒಂದೇ ಸಾಲು: "ಟೈಮ್ ಎಷ್ಟಾಯ್ತು ಅಂತ ಕೇಳೋಕಾದ್ರೂ ಒಂದು ಫೋನ್ ಮಾಡಿ."

ಎಲ್ಲರ ಮನೆಯಲ್ಲೂ ಗಡಿಯಾರವಿರುವಾಗ ಟೈಮ್ ಯಾಕೆ ಕೇಳುತ್ತಾರೆ ಎಂದು ಸಭೆಯಲ್ಲಿ ನೀವು ಕೇಳಿದಾಗ ನಾಚಿಕೆಯಿಂದ ಸುಮ್ಮನಿದ್ದೆ. ಈಗ ಹೇಳುತ್ತೇನೆ. ಜೊತೆಗಿದ್ದ ಅಕ್ಕ ತೀರಿಕೊಂಡು, ಬಂದವರೆಲ್ಲ ಹೊರಟುಹೋದ ಮೇಲೆ ಹದಿನೆಂಟು ದಿನ ನಾನು ಯಾರೊಂದಿಗೂ ಒಂದು ಮಾತಾಡಿರಲಿಲ್ಲ. ಹತ್ತೊಂಬತ್ತನೆಯ ದಿನ ಬಸ್ ಸ್ಟಾಪಿನಲ್ಲಿ, ಕೈಯಲ್ಲಿದ್ದ ವಾಚು ಕಾಣದಂತೆ ಸ್ವೆಟರಿನ ತೋಳು ಎಳೆದುಕೊಂಡು ಪಕ್ಕದಾಕೆಯನ್ನು ಟೈಮ್ ಕೇಳಿದೆ. ಆಕೆ ಟೈಮ್ ಹೇಳಿದಳು, ಬಸ್ಸನ್ನು ಬೈದಳು, ತನ್ನ ಮಂಡಿನೋವಿನ ಕಥೆ ತೆಗೆದಳು. ನನ್ನ ಬಸ್ಸು ಬಂತು, ನಾನು ಹತ್ತಲಿಲ್ಲ. "ನನಗೆ ಯಾರೂ ಇಲ್ಲ, ಸ್ವಲ್ಪ ಮಾತಾಡಿ" ಎಂದು ಕೇಳಲು ಎಷ್ಟು ಜನರಿಗೆ ಬಾಯಿ ಬರುತ್ತದೆ, ಸ್ವಾಮಿ? ನಿಮಗೆ ಬರುತ್ತದೆಯೇ?

ಆ ಸಾಲು ಹಚ್ಚಿದ ಮೊದಲ ವಾರವೇ ಇನ್ನೂರು ಕರೆ. ಒಬ್ಬ ಹಿರಿಯರು ದಿನಾ ಮಧ್ಯಾಹ್ನ ಮೂರಕ್ಕೆ ಟೈಮ್ ಕೇಳಿ ಇಟ್ಟುಬಿಡುತ್ತಿದ್ದರಂತೆ. ಒಂಬತ್ತನೆಯ ದಿನ ಫೋನ್ ಎತ್ತುವಾಕೆಗೆ, "ಟೈಮ್ ಗೊತ್ತಮ್ಮ. ಮನೆಯವಳು ಹೋದ್ಮೇಲೆ ಈ ಹೊತ್ತಿಗೆ ಟೀ ಆಯ್ತಾ ಅಂತ ಕೇಳೋರಿಲ್ಲ" ಎಂದರು. ತಾವು ದರ್ಜಿಯೆಂದೂ, ಕಣ್ಣು ಮಂಜಾಗಿ ಮಿಷನ್ ಮುಚ್ಚಿಟ್ಟಿರುವುದಾಗಿಯೂ ಹೇಳಿ ಅಂದು ನಲವತ್ತು ನಿಮಿಷ ಮಾತಾಡಿದರು.

ನಿಮ್ಮ ವರದಿಯಲ್ಲಿ ಇಂಥವೆಲ್ಲ "ಅನರ್ಹ ಕರೆಗಳು". ಪೋಸ್ಟರ್ ಕೀಳಿಸಿದ ದಿನವೇ, ಟೈಮ್ ಕೇಳಿದವರ ಫೋನ್ ಇಡತಕ್ಕದ್ದು ಎಂದು ಸುತ್ತೋಲೆಯನ್ನೂ ಹೊರಡಿಸಿದಿರಿ. ಮರುದಿನ ದರ್ಜಿ ಕರೆ ಮಾಡಿದಾಗ ಮೇಲ್ವಿಚಾರಕರು ಆ ಫೋನ್ ಎತ್ತುವಾಕೆಯ ಪಕ್ಕದಲ್ಲೇ ನಿಂತಿದ್ದರು. ಆಕೆ, "ಇದು ಟೈಮ್ ಹೇಳೋ ನಂಬರಲ್ಲ" ಎಂದಳು. "ತಪ್ಪಾಯ್ತಮ್ಮ, ನಿಮ್ಮ ಕೆಲಸ ಕೆಡಿಸಿದೆ" ಎಂದು ಅವರು ಇಟ್ಟುಬಿಟ್ಟರು. ಇಂದಿಗೆ ಇಪ್ಪತ್ತಾರು ದಿನ, ಮತ್ತೆ ಮಾಡಿಲ್ಲ. ಇದನ್ನು ಹೇಳಲೆಂದೇ ಆಕೆ ನನ್ನ ಮನೆ ಹುಡುಕಿಕೊಂಡು ಬಂದಳು. ಒಳಗೂ ಬಾರದೆ ಮೆಟ್ಟಿಲ ಮೇಲೆ ಕೂತು ಅತ್ತಳು. ಹೋಗಿ ನೋಡಿಬರೋಣವೆಂದರೆ, ಕರೆ ಮಾಡಿದವರ ಹೆಸರು, ನಂಬರ್ ಯಾರಿಗೂ ಕಾಣದಂತೆ ನೀವೇ ಮಾಡಿದ್ದೀರಿ. ಅದು ಒಳ್ಳೆಯ ನಿಯಮವೇ, ಬೈಯಲಾರೆ.

ಸುತ್ತೋಲೆ ಹಿಂತೆಗೆದುಕೊಳ್ಳಿ. ಪೋಸ್ಟರ್ ಮತ್ತೆ ಹಚ್ಚಿಸಿ. ಸಮಿತಿಯವರು ತರ್ಕ ಕೇಳಿದರೆ ಇಷ್ಟು ಹೇಳಿ: ಆ ದರ್ಜಿಯ ಮನೆ ಯಾವ ಬೀದಿಯಲ್ಲಿದೆಯೋ ನಮಗ್ಯಾರಿಗೂ ಗೊತ್ತಿಲ್ಲ, ಆದ್ದರಿಂದ ಎಲ್ಲ ಬೀದಿಗಳಲ್ಲೂ ಹಚ್ಚಬೇಕಾಗಿದೆ.

ಇಂತಿ,
ಅಂದು ಸಭೆಯಲ್ಲಿ ಬಾಯಿಬಿಡದೆ ಕೂತದ್ದಕ್ಕೆ ಪರಿತಪಿಸುತ್ತಿರುವ,
ನಿಮ್ಮ ಬಿಟ್ಟಿ ಬರಹಗಾರ್ತಿ