ನಕ್ಕೀ ಅಂದರೆ ನಕ್ಕದ್ದಲ್ಲ

ಓಝರ್, ನಾಸಿಕ್ ಜಿಲ್ಲೆ
೧೨ ಫೆಬ್ರವರಿ ೨೦೨೫, ಬುಧವಾರ

ಚಿ. ಸೌ. ವೈಷ್ಣವಿಗೆ, ನಿನ್ನ ಅವ್ವನ ಒಬ್ಬನೇ ತಮ್ಮನೂ ಆಕೆಯ ಬೈಗುಳಗಳಿಗೆಲ್ಲ ಒಬ್ಬನೇ ವಾರಸುದಾರನೂ ಆದ ನಿನ್ನ ಮಾಮಾನ ಆಶೀರ್ವಾದ.

ಇಲ್ಲಿಯ ವಿಮಾನ ಕಾರ್ಖಾನೆಯಲ್ಲಿ ನನ್ನ ಅಪ್ಪಣೆಯಿಲ್ಲದೆ ಒಂದು ವಿಮಾನವೂ ನೆಲ ಬಿಟ್ಟಿಲ್ಲ ಎಂಬುದು ನಿನಗೆ ಗೊತ್ತೇ ಇದೆ. ಕ್ಯಾಂಟೀನಿನಲ್ಲಿ ರೊಟ್ಟಿ ಬಡಿಯುತ್ತಿದ್ದವನು ಅಪ್ಪಣೆ ಹೇಗೆ ಕೊಟ್ಟ ಎಂದು ನಿನ್ನ ಗಂಡ ಅಮರ ಕೇಳಬಹುದು. ಹಸಿದ ಪೈಲಟ್ ಹಾರಿದ್ದನ್ನು ಅವನು ಎಲ್ಲಾದರೂ ನೋಡಿದ್ದಾನೆಯೇ, ಕೇಳು. ಮೂವತ್ತೊಂದು ವರ್ಷ ನನ್ನ ರೊಟ್ಟಿ ಉಬ್ಬಿದ ಮೇಲೆಯೇ ಇಲ್ಲಿ ವಿಮಾನ ಏಳುತ್ತಿತ್ತು.

ಮೊನ್ನೆ ನೀನು ಸಂಭಾಜಿನಗರದಿಂದ ಫೋನ್ ಮಾಡಿ, ಹೊಸ ಸಂಸಾರ ಮಾಮಾ, ಮನೆ ನಡೆಸಲಿಕ್ಕೆ ನಾಲ್ಕು ಮಾತು ಹೇಳ್ರಿ ಎಂದೆ. ಏಳನೆಯ ಇಯತ್ತೆಯವನನ್ನು ಬಿ.ಕಾಂ. ಓದಿದವಳು ಕೇಳಿದಳಲ್ಲ ಎಂದು ನನ್ನ ಎದೆ ಇನ್ನೂ ಅಗಲವಾಗಿಯೇ ಇದೆ. ಆದರೆ ಫೋನ್ ಇಡುವ ಮುಂಚೆ ನೀನು ಇನ್ನೊಂದು ಮಾತು ಹೇಳಿದೆ. ಸೋಮವಾರ ಅವ್ವನ ಬಂಗಾರದ ಪಾಟ್ಲಿ ಬಳೆ ಮಾರಿ ದ್ರಾಕ್ಷಿ ಪೆಟ್ಟಿಗೆಯ ಸ್ಕೀಮಿಗೆ ಹಾಕುತ್ತೇವೆ, ಎಂಟು ತಿಂಗಳಿಗೆ ದುಪ್ಪಟ್ಟು, ಮನುಷ್ಯ ಬಹಳ ಒಳ್ಳೆಯವನು, ಮರಾಠಿಯವನಾದರೂ ‘ಊಟ ಆತೇನ್ರೀ ಅಕ್ಕಾ’ ಎಂದು ಕೇಳುತ್ತಾನೆ ಎಂದೆ. ನಾನು ಹೂಂ ಎಂದೆ. ನಿನ್ನ ಮಾಮಿ ಸಾವಿತ್ರಿಬಾಯಿ ಪಕ್ಕದಲ್ಲೇ ಮೆಂತ್ಯೆ ಸೋಸುತ್ತ ಕೂತಿದ್ದಳು, ಅದಕ್ಕೇ ಬರೀ ಹೂಂ. ಅದನ್ನು ಒಪ್ಪಿಗೆ ಎಂದು ತಿಳಿಯಬೇಡ. ವಾಟ್ಸಾಪಿನಲ್ಲಿ ಬರೆದರೆ ಅವಳು ನನಗಿಂತ ಮೊದಲು ಓದುತ್ತಾಳೆ. ಆದ್ದರಿಂದ ಈ ಕಾಗದ. ಶನಿವಾರದೊಳಗೆ ನಿನಗೆ ಮುಟ್ಟುತ್ತದೆ ಎಂದು ಪೋಸ್ಟಿನವನು ಆಣೆ ಮಾಡಿದ್ದಾನೆ.

ಮೊದಲು ಉಳ್ಳಾಗಡ್ಡಿ. ಈಗ ಬರುವ ಕೆಂಪು ಗಡ್ಡಿಯನ್ನು ಎಂಟು ದಿನಕ್ಕಾಗುವಷ್ಟೇ ತಾ, ಅದು ಉಳಿಯುವುದಿಲ್ಲ. ಬೇಸಿಗೆಯದು ಬಂದಾಗ ಕುತ್ತಿಗೆ ಒಣಗಿದ್ದನ್ನು ಆರಿಸಿ ವರ್ಷಕ್ಕೆ ತುಂಬು. ಗಾಳಿಯಾಡುವ ಬುಟ್ಟಿ ಬೇಕು, ಆಲೂಗಡ್ಡೆಯ ನೆರೆ ಬೇಡ. ಎರಡೂ ಸೇರಿದರೆ ಒಂದನ್ನೊಂದು ಕೆಡಿಸುತ್ತವೆ, ನಾನೂ ನನ್ನ ಗೆಳೆಯ ತುಕಾರಾಮನೂ ಸೇರಿದ ಹಾಗೆ.

ಆಮೇಲೆ ನಡಿಗೆ. ದಸರೆಯಿಂದ ನಾನು ಸ್ಕೂಟರ್ ಮುಟ್ಟಿಲ್ಲ. ಸಂತೆಗೆ ನಡೆದೇ ಹೋಗುತ್ತೇನೆ, ಮೊಣಕಾಲು ಹದಿನೆಂಟರ ಹುಡುಗನದಾಗಿದೆ. ಚಹಾಕ್ಕೆ ಹಾಲು ಬಿಟ್ಟು ಲಿಂಬೆ ಹಿಂಡು, ಪಿತ್ತ ಇಳಿಯುತ್ತದೆ. ಟಿ.ವಿ. ರೀಚಾರ್ಜ್ ಮಾಡಿಸದಿದ್ದರೆ ಗಂಡ ಹೆಂಡತಿ ಮಾತಾಡುತ್ತಾರೆ. ಇದು ಒಳ್ಳೆಯದೋ ಕೆಟ್ಟದ್ದೋ ನನಗೆ ಇನ್ನೂ ತಿಳಿದಿಲ್ಲ.

ಇನ್ನು ದುಡ್ಡು. ಅದಕ್ಕೆ ಅದೇ ತುಕಾರಾಮನ ಕಥೆಯೇ ಸಾಕು. ಹೋದ ವರ್ಷ ಇದೇ ದಿನಗಳಲ್ಲಿ ಇಲ್ಲೇ ಹತ್ತಿರದ ಊರು ಪಿಂಪಳಗಾಂವ್ ಬಸವಂತದ ಒಂದು ಕಲ್ಯಾಣಮಂಟಪದಲ್ಲಿ ದ್ರಾಕ್ಷಿ ಪೆಟ್ಟಿಗೆಯ ಸ್ಕೀಮಿನ ಸಭೆ ಇತ್ತು. ತುಕಾರಾಮ ಪುಕ್ಕಟೆ ಊಟಕ್ಕೆ ಹೋದ. ಕಪ್ಪು ಕೋಟಿನವನೊಬ್ಬ ಮೈಕಿನ ಮುಂದೆ ಬೆವರುತ್ತಿದ್ದ. ಕೂದಲಿಗೆ ಹಚ್ಚಿದ ಬಣ್ಣ ಕಿವಿಯ ಪಕ್ಕ ಹರಿದು ಕೊರಳಪಟ್ಟಿಗೆ ಇಳಿಯುತ್ತಿತ್ತು. ತುಕಾರಾಮನಿಗೆ ನಗು ತಡೆಯಲಾಗಲಿಲ್ಲ. ಭಾಷಣ ಮುಗಿಸಿ ಅವನು ನೇರ ಇತ್ತ ಬಂದು ‘ಕಾಕಾ, ನಕ್ಕೀ?’ ಎಂದ. ಮರಾಠಿಯಲ್ಲಿ ನಕ್ಕೀ ಅಂದರೆ ಖಾತ್ರಿ, ಪಕ್ಕಾ ಎಂದು ಇಲ್ಲಿಯ ಕೂಸಿಗೂ ಗೊತ್ತು. ನಲವತ್ತು ವರ್ಷ ಈ ನೀರು ಕುಡಿದ ನನಗೆ ಗೊತ್ತಿಲ್ಲವೇ? ಆದರೆ ಆ ಗದ್ದಲದಲ್ಲಿ ನನ್ನ ಕಿವಿಗೆ ನಮ್ಮ ಕನ್ನಡ ಕೇಳಿಸಿತು, ನೀ ನಕ್ಕಿ ಏನು ಎಂದು. ‘ಹೌದಪ್ಪಾ, ನಕ್ಕೆ’ ಎಂದು ತಲೆಯಾಡಿಸಿದೆ. ಅವನು ಹೆಸರು ಬರೆದುಕೊಂಡ.

ತುಕಾರಾಮನಿಗೆ ಕನ್ನಡ ಎಲ್ಲಿಂದ ಬಂತು ಎಂದು ಹಿಡಿದಿರಬೇಕು ನೀನು. ಸರಿ, ಅವನಲ್ಲ, ನಾನೇ.

ಅಲ್ಲಿಗೇ ಎದ್ದು ಬರಬಹುದಿತ್ತು. ಆದರೆ ನಾನು ಕರ್ನಾಟಕದವನೆಂದು ತಿಳಿದ ಕೂಡಲೇ ಅವನು ಪಕ್ಕಕ್ಕೆ ಬಂದು ಕೂತು, ‘ಊಟ ಆತೇನ್ರೀ ಅಣ್ಣಾ’ ಎಂದ. ನಿನ್ನ ಅವ್ವ, ನನ್ನ ಶಾಂತಕ್ಕ, ತೀರಿಹೋಗಿ ಆಗ ಬರೀ ಮೂರು ತಿಂಗಳು. ಎಷ್ಟೋ ವರ್ಷ ದಿನಾ ಮಧ್ಯಾಹ್ನ ಆಕೆ ಭಾಲ್ಕಿಯಿಂದ ಫೋನ್ ಮಾಡಿ ಕೇಳುತ್ತಿದ್ದುದು ಆ ಒಂದೇ ಮಾತು, ‘ಊಟ ಆತೇನೋ ತಮ್ಮಾ?’ ಉತ್ತರ ಕೇಳುವ ಮೊದಲೇ ಫೋನ್ ಇಡುತ್ತಿದ್ದಳು, ಬಿಲ್ ಏರುತ್ತದೆ ಎಂದು. ಆ ಮಾತು ಕಿವಿಗೆ ಬಿದ್ದ ಮೇಲೆ ಅವನ ಕಾಗದದಲ್ಲಿ ಏನು ಬರೆದಿತ್ತೋ ನಾನು ಓದಲಿಲ್ಲ. ನಿನಗೂ ಹಾಗೇ ಆಗಿರಬೇಕು. ಅವನಿಗೆ ಬರುವ ಕನ್ನಡ ಅಷ್ಟೇ ಮಗಳೇ. ಅದಕ್ಕೇ ನಾನು ಗುರುತು ಹಿಡಿದೆ, ಇವನು ಅವನೇ.

ಎಷ್ಟು ಹೋಯಿತು ಎಂದು ಕೇಳುತ್ತೀಯ. ಮುಚ್ಚಿಡುವವನಲ್ಲ ನಾನು. ಎಲ್ಲ ಸೇರಿ ಸರಿಯಾಗಿ

ಪೆನ್ನು ನಿಂತುಹೋಯಿತು, ಬೇರೆ ತಂದೆ. ಎಲ್ಲಿದ್ದೆ? ಹಾಂ, ದ್ರಾಕ್ಷಿ. ಬಂದದ್ದು ಒಂದೇ ಪೆಟ್ಟಿಗೆ, ಅದೂ ಹುಳಿ. ಗೆಳೆಯ ಕೊಟ್ಟದ್ದು ಎಂದೆ, ಮಾಮಿ ಚಟ್ನಿ ಅರೆದಳು. ಅಷ್ಟು ತುಟ್ಟಿಯ ಚಟ್ನಿಯನ್ನು ಯಾವ ರಾಜನೂ ತಿಂದಿರಲಿಕ್ಕಿಲ್ಲ. ಎರಡೇ ತಿಂಗಳಿಗೆ ಅವನ ಆಫೀಸಿಗೆ ಬೀಗ, ಫೋನ್ ಬಂದ್. ಸೋಮವಾರ ಅವನು ಬಂದು ಕೇಳಿದರೆ ‘ಊಟ ಆತು’ ಅನ್ನು, ಬಾಗಿಲು ಹಾಕು. ಅವನ ಹೊಸ ನಂಬರ್ ನನಗೆ ಕಳಿಸು. ಪೊಲೀಸ್ ಠಾಣೆಯಲ್ಲಿ ನನ್ನ ಅರ್ಜಿ ಒಣಗುತ್ತಾ ಬಿದ್ದಿದೆ.

ಈ ಪಾರ್ಸಲಿನಲ್ಲಿ ಒಂದು ಕೌದಿ ಇದೆ. ಭಾಲ್ಕಿಯ ಮನೆಯ ಪಡಸಾಲೆಯಲ್ಲಿ ಶಾಂತಕ್ಕ ಹಳೆಯ ಇಳಕಲ್ ಸೀರೆಗಳನ್ನು ಸೇರಿಸಿ ಹೊಲಿದದ್ದು. ನಾನು ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದೆ, ಸಂಬಳ ಒಂದು ಬೆಲ್ಲದ ಚೂರು. ಕೊನೆಯ ಮೂಲೆ ಮುಚ್ಚುವ ಮುಂಚೆ ಆಕೆ ಒಳಗೆ ಒಂದು ತುಣುಕು ರೊಟ್ಟಿ ಇಡುತ್ತಿದ್ದಳು. ಯಾಕೆ ಎಂದರೆ, ‘ಕೌದಿ ಹಸದಿರಬಾರದೋ ಹುಚ್ಚಾ, ತಾನೇ ಹಸದದ್ದು ಮಂದೀನ ಹ್ಯಾಂಗ ಬೆಚ್ಚಗ ಇಡತದ?’ ಹತ್ತೊಂಬತ್ತಕ್ಕೆ ನಾನು ನಾಸಿಕಕ್ಕೆ ಹೊರಟಾಗ ಆ ಮೂಲೆಯನ್ನು ಮತ್ತೆ ಬಿಚ್ಚಿ, ಮರೆಯಲ್ಲಿ ಏನೋ ಇಟ್ಟು ಹೊಲಿದಳು. ಕೈ ಪೂರಾ ಖಾಲಿಯಾದ ದಿನ ಮಾತ್ರ ಬಿಚ್ಚು ಎಂದಳು. ಮದುವೆಯಲ್ಲಿ ಬಿಚ್ಚಲಿಲ್ಲ, ಮಾಮಿಯ ಆಪರೇಷನ್ನಿಗೆ ಬಿಚ್ಚಲಿಲ್ಲ. ನಲವತ್ತು ವರ್ಷ ಬಿಚ್ಚಲಿಲ್ಲ. ಒಂದು ಮೂಲೆ ಇದೆ ಎಂಬ ಧೈರ್ಯದಿಂದಲೇ ಇಷ್ಟು ಜಂಬ ಕೊಚ್ಚಿಕೊಂಡು ಬದುಕಿದೆ. ನಿನಗೆ ಆ ಮೂಲೆ ಎಂದರೆ ಅವ್ವನ ಪಾಟ್ಲಿ. ನಿನಗೆ ಹೇಳಬೇಕಾದದ್ದು ಇಷ್ಟೇ ಇತ್ತು, ಉಳ್ಳಾಗಡ್ಡಿಯ ನೆವ ಬೇಕಾಯಿತು.

ಅಮರನಿಗೆ ಆಶೀರ್ವಾದ ಹೇಳು. ಅವನನ್ನೂ ನಡೆಸು.

ನಿನ್ನ,
ವಿಮಾನಗಳ ಒಡೆಯ
ವಿಶ್ವನಾಥಪ್ಪ ಮಾಮಾ

ತಾ.ಕ.: ನಲವತ್ತು ವರ್ಷ ಎಂದದ್ದು ಸುಳ್ಳಲ್ಲ. ನಲವತ್ತೊಂದನೆಯದರಲ್ಲಿ, ದಸರೆಗೆ ಸ್ಕೂಟರ್ ಮಾರಿದ ದುಡ್ಡೂ ತೀರಿದ ಮೇಲೆ, ಮೂಲೆ ಬಿಚ್ಚಿದೆ. ಒಳಗೆ ರೊಟ್ಟಿಯ ಪುಡಿ, ಹತ್ತರ ನಾಲ್ಕು ನೋಟು. ಆ ಕಾಲಕ್ಕೆ ನಾಸಿಕದಿಂದ ಭಾಲ್ಕಿಗೆ ಬಸ್ ಚಾರ್ಜು. ತಮ್ಮ ಸೋತರೆ ಮನೆಗೆ ಬರಲಿ ಎಂದು ಇಟ್ಟಿದ್ದಳು. ನೋಟುಗಳನ್ನು ಅಲ್ಲೇ ಇಟ್ಟು, ಹೊಸ ರೊಟ್ಟಿ ತುಣುಕು ಸೇರಿಸಿ ನಾನೇ ಹೊಲಿದೆ. ಸ್ಕೂಟರ್ ರಿಪೇರಿಗೆ ಹೋಗಿದೆ ಎಂದೇ ಮಾಮಿಗೆ ಹೇಳಿದ್ದೇನೆ, ನೀನು ಬಾಯಿ ಬಿಡಬೇಡ. ನಿನ್ನೆ ಅವಳು, ‘ನಾಕ್ ತಿಂಗಳಾತು ನೋಡ್ರಿ, ಪಾಪ ಅದಕ್ಕೂ ಒಂದ್ ಕೌದಿ ಕಳಸ್ರಿ, ಥಂಡಿ ಅದ’ ಎಂದಳು. ಗೊತ್ತಾಗಿದೆಯೋ ಏನೋ. ಎಡಗಡೆಯ ಮೂಲೆಯಲ್ಲಿ ಹೊಲಿಗೆ ಹಾವಿನ ಹಾಗೆ ಹೋಗಿದೆ, ಅದು ನನ್ನದು. ನೋಡಿ ನಕ್ಕಿ ಏನು? ನಕ್ಕಿದ್ದರೆ ಪಾಟ್ಲಿ ನಿನ್ನ ಕೈಯಲ್ಲೇ ಉಳಿದವು. ನಕ್ಕೀ.